ಸಂಧಿವಿಗ್ರಹಿ ಪುಣಿಸ: ಬೆಟ್ಟದ ತುದಿ ಮತ್ತು ಬಿತ್ತನೆಯ ಬೀಜ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೆಲವು ಕಡೆ ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ದನಿ ಸರಿಯಾಗಿ ಕೇಳಿಸ್ತಿದೆ ಅಂದ್ಕೊಳ್ತೀನಿ. ನಾನು ಮಸಿನಗುಡಿಯಿಂದ ಮಾತಾಡ್ತಿದೀನಿ, ಇಲ್ಲಿ ಮಳೆ ಶುರುವಾದ್ರೆ ನೆಟ್‌ವರ್ಕ್ ಕೈಕೊಡುತ್ತೆ. ಮಾತು ನಡುವೆ ನಿಂತರೆ ದಯವಿಟ್ಟು ಎರಡು ನಿಮಿಷ ಕಾಯಿರಿ.

ಹಿಂದಿನ ವಾರ ನಾವು ಅಥೆನ್ಸಿನ ನಿಕಿಯಾಸ್ ಬಗ್ಗೆ ಕೇಳಿದೆವು. ದಂಡು ನಡೆಸಿದವನೂ ಅವನೇ, ಕ್ರಿ.ಪೂ. 421ರಲ್ಲಿ ಸ್ಪಾರ್ಟಾದ ಜೊತೆ ಒಪ್ಪಂದ ಕುದುರಿಸಿದವನೂ ಅವನೇ. ಆ ಒಪ್ಪಂದಕ್ಕೆ ಅವನ ಹೆಸರೇ ನಿಂತಿತು. ಐವತ್ತು ವರ್ಷ ಬಾಳಬೇಕಿದ್ದ ಶಾಂತಿ ಕೆಲವೇ ವರ್ಷಗಳಲ್ಲಿ ಮುರಿಯಿತು. ತಾನು ಬೇಡವೆಂದಿದ್ದ ಸಿಸಿಲಿಯ ಯುದ್ಧಕ್ಕೇ ಸೇನಾಪತಿಯಾಗಿ ಹೋಗಿ, ಕ್ರಿ.ಪೂ. 413ರಲ್ಲಿ ಸಿರಕ್ಯೂಸಿನವರ ಕೈಗೆ ಸಿಕ್ಕಿ ಸತ್ತ. ಚರ್ಚೆಯ ಕೊನೆಗೆ ಮೇಡಂ ಒಂದು ಪ್ರಶ್ನೆ ಕೇಳಿದ್ರು: ‘ಇಂಥವನೊಬ್ಬ ನಮ್ಮ ಕಡೆ ಇದ್ದಿದ್ರೆ ಅವನ ಬಗ್ಗೆ ನಮಗೆ ಯಾರು ಹೇಳ್ತಿದ್ರು?’ ಇವತ್ತಿನ ನನ್ನ ಮಾತು ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ. ಅಂಥವನೊಬ್ಬ ಇದ್ದ. ಹೆಸರು ಪುಣಿಸ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ, ಜೊತೆಗೆ ಸಂಧಿವಿಗ್ರಹಿ. ಈಗ ನಾನು ಕೂತಿರುವ ಜಾಗದಿಂದ ತಲೆಯೆತ್ತಿದರೆ ಕಾಣುವ ಈ ಬೆಟ್ಟಸಾಲನ್ನು ಗೆದ್ದೆನೆಂದು ಕಲ್ಲಿನಲ್ಲಿ ಬರೆಸಿಕೊಂಡವನು.

ಈ ವಿಷಯ ಯಾಕೆ

ಮೊದಲೇ ಒಂದು ವಿಷಯ ಒಪ್ಕೊಂಡುಬಿಡ್ತೀನಿ. ಪುಣಿಸನ ಬಗ್ಗೆ ನಾನು ಮಾತಾಡ್ತಿರೋದು ಇದೇ ಮೊದಲಲ್ಲ. ಬಿ.ಎ. ಓದುವಾಗ ಕಾಲೇಜಿನ ಒಂದು ಕಾರ್ಯಕ್ರಮದಲ್ಲಿ ‘ನೀಲಗಿರಿ ಗೆದ್ದ ಕನ್ನಡಿಗ’ ಅಂತ ಹತ್ತು ನಿಮಿಷ ಭಾಷಣ ಮಾಡಿದ್ದೆ. ಮನೇಲಿ ಕನ್ನಡ, ಶಾಲೇಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷು ಅಂತ ಬೆಳೆದ ಹುಡುಗನಿಗೆ, ಒಂಬತ್ತು ನೂರು ವರ್ಷದ ಹಿಂದೆಯೇ ನಮ್ಮವರು ಇಲ್ಲಿಗೆ ಬಂದಿದ್ರು ಅನ್ನೋ ಮಾತು ಎಷ್ಟು ಹಿತ ಅನ್ನಿಸಿರಬಹುದು, ನೀವೇ ಊಹಿಸಿ. ತೋಡರು ಬೆದರಿದರು ಅನ್ನುವ ಸಾಲನ್ನು ಗಂಟಲೇರಿಸಿ ಹೇಳಿದ್ದೆ. ಚಪ್ಪಾಳೆಯೂ ಬಿತ್ತು.

ಆಮೇಲೆ ಟೀ ಕುಡಿಯೋವಾಗ ತೋಡ ಸಮುದಾಯದ ಒಬ್ಬ ಸಹಪಾಠಿ ನನ್ನ ಹತ್ರ ಬಂದು, ಸಿಟ್ಟಿಲ್ಲದೆ, ‘ನಾವು ಹೆದರಿದ್ವಿ ಅಂತ ಬರೆದಿದ್ದು ಯಾರು?’ ಅಂತ ಕೇಳಿದಳು. ನಾನು, ‘ಶಾಸನದಲ್ಲಿದೆ’ ಅಂದೆ. ‘ಅದೇ, ಶಾಸನ ಯಾರದು?’ ಅಂದಳು. ನನಗೆ ಮಾತು ಹೊರಡಲಿಲ್ಲ. ಇತಿಹಾಸ ಎಂ.ಎ. ಮಾಡಲೇಬೇಕು ಅಂತ ಹೊರಟಿದ್ದು ಆ ಪ್ರಶ್ನೆಯಿಂದ. ಆದ್ದರಿಂದ ಇವತ್ತಿನದು ಹಳೆಯ ಭಾಷಣದ ತಿದ್ದುಪಡಿ ಅಂತಲೂ ಅಂದ್ಕೊಳ್ಳಬಹುದು.

ಶಾಸನ ಎಲ್ಲಿದೆ, ಯಾಕಾಗಿ ಬರೆಸಿದ್ದು

ಚಾಮರಾಜನಗರದ ಪಾರ್ಶ್ವನಾಥ ಬಸದಿಯಲ್ಲಿ ಈ ಕನ್ನಡ ಶಾಸನ ಇದೆ. ಕಾಲ ಶಕ 1039, ಅಂದರೆ ಕ್ರಿ.ಶ. 1117. ಊರಿಗೆ ಆಗ ಆ ಹೆಸರಿರಲಿಲ್ಲ, ಅರಕೊಠಾರ ಎನ್ನುತ್ತಿದ್ದರು. ಚಾಮರಾಜನಗರ ಅಂತ ಹೆಸರಾಗಿದ್ದು 1818ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ನಾಲ್ಕನೆಯ ಸಂಪುಟದಲ್ಲಿ ಇದನ್ನು ಪ್ರಕಟಿಸಿದರು. ನೀಲಗಿರಿಯ ಬಗ್ಗೆ ಬರೆದ ಬಹುತೇಕ ಎಲ್ಲ ಪುಸ್ತಕಗಳೂ ಅಲ್ಲಿಂದಲೇ ಇದನ್ನು ಎತ್ತಿಕೊಂಡಿವೆ, ಯಾಕಂದ್ರೆ ತೋಡರ ಹೆಸರು ಬರಹದಲ್ಲಿ ಸಿಗುವ ಅತ್ಯಂತ ಹಳೆಯ ದಾಖಲೆ ಇದೇ.

ಇಲ್ಲಿ ಒಂದು ಸಣ್ಣ ಸಂಗತಿ ಗಮನಿಸಿ. ಈ ಕಲ್ಲನ್ನು ನಿಲ್ಲಿಸಿದ್ದು ಯುದ್ಧದ ವರದಿಗಾಗಿ ಅಲ್ಲ. ಪುಣಿಸ ಅಲ್ಲೊಂದು ತ್ರಿಕೂಟ ಬಸದಿ ಕಟ್ಟಿಸಿ ಭೂಮಿ ಬಿಟ್ಟ, ಆ ದಾನ ನಿಲ್ಲಬೇಕು ಅಂತ ಶಾಸನ ಹಾಕಿಸಿದ. ದಾನ ಕೊಟ್ಟವನು ಯಾರು, ಎಂಥವನು ಅಂತ ಹೇಳುವ ಭಾಗದಲ್ಲಿ ಅವನ ವೃತ್ತಿಜೀವನ ಬರುತ್ತೆ. ನಾವೀಗ ಅರ್ಜಿ ಹಾಕುವಾಗ ಮೊದಲ ಪುಟದಲ್ಲಿ ಸ್ವಪರಿಚಯ ಬರೀತೀವಲ್ಲ, ಆ ಜಾಗದಲ್ಲಿರೋ ಮಾತು ಅದು. ಅಂದಮೇಲೆ ಸಹಪಾಠಿಯ ಪ್ರಶ್ನೆಗೆ ಮೊದಲ ಉತ್ತರ ಸರಳ: ಶಾಸನ ಪುಣಿಸನದು. ತನ್ನ ಬಗ್ಗೆ, ತನ್ನ ಬಸದಿಯಲ್ಲಿ, ತನ್ನವರು ಓದಲಿ ಅಂತ ಹಾಕಿಸಿದ್ದು.

ಸಂಧಿವಿಗ್ರಹಿ ಅಂದ್ರೆ ಯಾರು

ಸಂಧಿ ಅಂದ್ರೆ ಒಪ್ಪಂದ, ವಿಗ್ರಹ ಅಂದ್ರೆ ಕಾಳಗ. ಕೌಟಿಲ್ಯನ ಅರ್ಥಶಾಸ್ತ್ರ ಅರಸನಿಗೆ ಹೇಳುವ ಆರು ಉಪಾಯಗಳಲ್ಲಿ ಮೊದಲೆರಡು ಇವೇ. ಎರಡನ್ನೂ ಒಂದೇ ಹುದ್ದೆಯಲ್ಲಿ ಇಟ್ಟಿದ್ದಾರೆ ಅನ್ನೋದೇ ಕುತೂಹಲದ ವಿಷಯ. ಈಗಿನ ಸರ್ಕಾರದ ಲೆಕ್ಕದಲ್ಲಿ ವಿದೇಶಾಂಗದವರು ಬೇರೆ, ರಕ್ಷಣೆಯವರು ಬೇರೆ. ಆಗ ಹಾಗಿರಲಿಲ್ಲ. ಅಥೆನ್ಸಿನಲ್ಲೂ ವರ್ಷಕ್ಕೆ ಹತ್ತು ಸೇನಾಪತಿಗಳನ್ನು ಆರಿಸುತ್ತಿದ್ದರು, ನಿಕಿಯಾಸನಂಥ ಸೇನಾಪತಿಯೇ ಮಾತುಕತೆಗೂ ಹೋಗುತ್ತಿದ್ದ.

ನಮ್ಮಲ್ಲಿ ಈ ಹುದ್ದೆಗೆ ಇನ್ನೊಂದು ಮುಖ ಇದೆ: ಬರವಣಿಗೆ. ಸಮುದ್ರಗುಪ್ತನ ಪ್ರಯಾಗದ ಪ್ರಶಸ್ತಿಯನ್ನು ರಚಿಸಿದ ಹರಿಷೇಣ ಸಾಂಧಿವಿಗ್ರಹಿಕನೂ ಹೌದು, ಮಹಾದಂಡನಾಯಕನೂ ಹೌದು. ಕನ್ನಡದಲ್ಲಿ ಪಂಚತಂತ್ರ ಬರೆದ ದುರ್ಗಸಿಂಹ ಚಾಲುಕ್ಯರ ಸಂಧಿವಿಗ್ರಹಿ. ಪುಣಿಸನ ಕಾಲದಲ್ಲೇ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ತನ್ನ ಮಿತಾಕ್ಷರದಲ್ಲಿ, ರಾಜಶಾಸನವನ್ನು ಬರೆಯಬೇಕಾದವನು ಸಂಧಿವಿಗ್ರಹದ ಅಧಿಕಾರಿ ಅನ್ನುವ ಹಳೆಯ ನಿಯಮವನ್ನು ಎತ್ತಿ ಹೇಳುತ್ತಾನೆ. ಯಾರಿಗೆ ಯಾವ ಬಿರುದು, ಯಾರನ್ನು ‘ಗೆದ್ದ’ ಅನ್ನಬೇಕು, ಯಾರನ್ನು ‘ಕಾಪಾಡಿದ’ ಅನ್ನಬೇಕು ಅಂತ ತೂಗಿ ನೋಡುವುದು ಅವನ ದಿನದ ಕೆಲಸ. ಪುಣಿಸನ ಶಾಸನವನ್ನು ಓದುವಾಗ ಇದು ನೆನಪಿನಲ್ಲಿರಲಿ. ಇದು ಪದಗಳ ತೂಕ ಗೊತ್ತಿದ್ದವನ ಮನೆಯಿಂದ ಬಂದ ಬರಹ.

ದಂಡಯಾತ್ರೆಗೆ ಮೊದಲು

ತಲಕಾಡು ನೂರಕ್ಕೂ ಹೆಚ್ಚು ವರ್ಷ ಚೋಳರ ಕೈಯಲ್ಲಿತ್ತು. ಸುಮಾರು 1116ರಲ್ಲಿ ಗಂಗರಾಜನ ಮುಂದಾಳತ್ವದಲ್ಲಿ ಹೊಯ್ಸಳರು ಅದನ್ನು ಕಿತ್ತುಕೊಂಡರು. ವಿಷ್ಣುವರ್ಧನ ‘ತಲಕಾಡುಗೊಂಡ’ನಾದ. 1117ರಲ್ಲಿ ಬೇಲೂರಿನ ವಿಜಯನಾರಾಯಣ ದೇವಾಲಯದ ಪ್ರತಿಷ್ಠೆಯಾಯಿತು. ಅದೇ ವರ್ಷ ಅರಕೊಠಾರದಲ್ಲಿ ಅವನ ಜೈನ ದಂಡನಾಯಕನ ಶಾಸನ ನಿಂತಿತು.

ಆದರೆ ತಲಕಾಡು ಸಿಕ್ಕಿದ ಮಾತ್ರಕ್ಕೆ ದಕ್ಷಿಣದ ಗಡಿ ಭದ್ರವಾಗಲಿಲ್ಲ. ಭೂಪಟವನ್ನು ಸ್ವಲ್ಪ ನೋಡಿ. ಗುಂಡ್ಲುಪೇಟೆ, ತೆರಕಣಾಂಬಿಯ ಬಯಲು ಮುಗಿದ ಮೇಲೆ ನೆಲ ಮೋಯಾರ್ ಕಣಿವೆಗೆ ಇಳಿಯುತ್ತೆ. ಅದರಾಚೆ ನೀಲಗಿರಿ ಗೋಡೆಯ ಹಾಗೆ ಎದ್ದು ನಿಲ್ಲುತ್ತೆ. ಪಶ್ಚಿಮಕ್ಕೆ ಗೂಡಲೂರಿನ ಮೂಲಕ ವಯನಾಡು, ಮಲಬಾರ್. ಪೂರ್ವಕ್ಕೆ ಮೋಯಾರ್ ಹಿಡಿದು ಹೋದರೆ ಕೊಂಗುನಾಡು. ಬೆಟ್ಟದ ಬುಡವನ್ನು ಸುತ್ತುವ ಈ ದಾರಿಗಳು ಕೈಯಲ್ಲಿಲ್ಲದಿದ್ದರೆ ತಲಕಾಡಿನ ಬೆನ್ನು ಬರಿದು. ಉತ್ತರದಲ್ಲಿ ಕಲ್ಯಾಣದ ಚಾಲುಕ್ಯರು. ಹೊಯ್ಸಳರು ಹೆಸರಿಗೆ ಅವರ ಮಾಂಡಲಿಕರು, ಒಳಗೆ ಸ್ವತಂತ್ರರಾಗುವ ಆಸೆ. ಹಾಗಾಗಿ ದಕ್ಷಿಣದ ಕೆಲಸ ಬೇಗ ಮುಗಿಸುವವನು, ಕಡಿಮೆ ದಂಡಿನಲ್ಲಿ ಮುಗಿಸುವವನು ಬೇಕಿತ್ತು. ದಂಡನಾಯಕನೂ ಸಂಧಿವಿಗ್ರಹಿಯೂ ಆದ ಪುಣಿಸನಿಗೆ ಈ ಕೆಲಸ ಬಿದ್ದದ್ದು ಆಶ್ಚರ್ಯವಲ್ಲ.

ನಾಲ್ಕು ಹೆಸರು, ನಾಲ್ಕು ಕ್ರಿಯಾಪದ

ಶಾಸನದ ಸಾರವನ್ನು ನನ್ನ ಮಾತಿನಲ್ಲಿ ಹೇಳ್ತೀನಿ. ತೋಡರು ಬೆದರಿದರು. ಕೊಂಗರು ನೆಲದಡಿ ಅಡಗಿದರು. ಪೊಲುವರು ಹತರಾದರು. ಮಲೆಯಾಳರು ಪ್ರಾಣ ಬಿಟ್ಟರು. ಆಮೇಲೆ ಪುಣಿಸ ನೀಲಾದ್ರಿಯನ್ನು ಹೊಕ್ಕು ಅದರ ಶಿಖರವನ್ನು ಜಯಲಕ್ಷ್ಮಿಗೆ ಒಪ್ಪಿಸಿದ.

ಯಾವ ದಾರಿಯಲ್ಲಿ ಹತ್ತಿದ ಅಂತ ಇಲ್ಲ. ಈಗ ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿಯಲ್ಲಿ 36 ತಿರುವು ಹತ್ತಿದರೆ ಊಟಿ ಸಿಗುತ್ತೆ. ಸುಮಾರು ಸಾವಿರ ಮೀಟರಿನಿಂದ 2,240 ಮೀಟರಿಗೆ ಏರಬೇಕು. ಮೊದಲ ಗೇರಿನಲ್ಲಿ ಮುಲುಗುವ ಜೀಪಿನಲ್ಲಿ ಕೂತಾಗೆಲ್ಲ, ಕುದುರೆ, ಎತ್ತು, ಕಾಲಾಳು ಕಟ್ಟಿಕೊಂಡು ಇಲ್ಲಿ ಏರೋದು ಹೇಗೆ ಅಂತ ನಾನು ಯೋಚಿಸ್ತೀನಿ. ದಂಡು ಏರಿತು ಅಂತಿಟ್ಟುಕೊಂಡರೂ ಮೇಲೆ ಅದಕ್ಕೆ ಊಟ ಎಲ್ಲಿಂದ? ಎಮ್ಮೆ ಮೇಯಿಸುವವರ ಹುಲ್ಲುಗಾವಲಿನಲ್ಲಿ ಸಾವಿರ ಜನಕ್ಕೆ ಕಣಜ ಇರೋದಿಲ್ಲ.

ಈಗ ಕ್ರಿಯಾಪದಗಳನ್ನು ನೋಡಿ. ಬಯಲಿನ, ಕಣಿವೆಯ ಜನಕ್ಕೆ ಸಾವು. ಬೆಟ್ಟದ ತೋಡರಿಗೆ ಬೆದರಿಕೆ ಮಾತ್ರ. ನನ್ನ ಹಳೆಯ ಭಾಷಣದಲ್ಲಿ ‘ಬೆದರಿದರು’ ಅನ್ನೋದನ್ನು ಅವಮಾನದ ಪದವಾಗಿ ಹೇಳಿದ್ದೆ. ಈಗ ಓದಿದರೆ ಅದು ಇಡೀ ಪಟ್ಟಿಯಲ್ಲೇ ಅತ್ಯಂತ ಮೆದು ಪದ. ಹೊಗಳಿಕೆಯ ಬರಹ ಸಾಮಾನ್ಯವಾಗಿ ಇದ್ದದ್ದನ್ನು ಹಿಗ್ಗಿಸುತ್ತೆ, ಕುಗ್ಗಿಸೋದಿಲ್ಲ. ಕೊಂದೆ ಅಂತ ಹೇಳೋ ಅವಕಾಶ ಇದ್ದೂ ಹೆದರಿಸಿದೆ ಅಂತಷ್ಟೇ ಹೇಳಿದ್ದಾನೆ ಅಂದ್ರೆ, ತೋಡರ ಜೊತೆ ಹೇಳಿಕೊಳ್ಳುವಂಥ ಕಾಳಗ ನಡೆದಿರಲಿಕ್ಕಿಲ್ಲ ಅಂತ ನನ್ನ ಊಹೆ. ಛಂದಸ್ಸಿಗೆ ಹೊಂದಲಿ ಅಂತ ಆ ಪದ ಹಾಕಿರಬಹುದು ಅನ್ನುವ ಆಕ್ಷೇಪ ಬರುತ್ತೆ, ಅದು ನ್ಯಾಯವಾದದ್ದೇ. ಅದಕ್ಕೇ ಇದನ್ನು ಊಹೆ ಅಂದೆ.

ಊಹೆಗಿಂತ ಗಟ್ಟಿಯಾದ ಮಾತು ಇನ್ನೊಂದಿದೆ. 1117ರಲ್ಲಿ ಅರಕೊಠಾರದ ಬಯಲಿನಲ್ಲಿ ಕೂತು ಬರೆದವರಿಗೆ ಬೆಟ್ಟದವರ ಹೆಸರು ಗೊತ್ತಿತ್ತು. ‘ಕಾಡುಜನ’ ಅಂತ ಒಟ್ಟಾಗಿ ಹೇಳದೆ, ಕೊಂಗರು, ಮಲೆಯಾಳರು ಅನ್ನುವ ಸಾಲಿನಲ್ಲೇ ತೋಡರನ್ನೂ ಹೆಸರು ಹಿಡಿದು ಹೇಳಿದ್ದಾರೆ. ಅಂದರೆ ದಂಡಿಗಿಂತ ಮೊದಲೇ ಬೆಟ್ಟಕ್ಕೂ ಬಯಲಿಗೂ ಪರಿಚಯ ಇತ್ತು. ಈ ಒಂದು ಹೆಸರು ಪುಣಿಸನ ಗೆಲುವಿಗಿಂತ ದೊಡ್ಡ ಸಾಕ್ಷಿ ಅಂತ ನನಗನ್ನಿಸುತ್ತೆ.

ಬೀಜ ಇಲ್ಲದ ಒಕ್ಕಲಿಗ

ಎಲ್ಲರೂ ಉದ್ಧರಿಸೋದು ಬೆಟ್ಟದ ತುದಿಯ ಸಾಲನ್ನು. ಅದೇ ಶಾಸನದಲ್ಲಿ ಇನ್ನೊಂದು ಭಾಗ ಇದೆ. ವ್ಯಾಪಾರದಲ್ಲಿ ಕೈಸುಟ್ಟುಕೊಂಡ ವರ್ತಕ, ಬಿತ್ತಲು ಬೀಜ ಇಲ್ಲದ ಒಕ್ಕಲಿಗ, ಅಧಿಕಾರ ಕಳೆದುಕೊಂಡು ಆಳಾಗಿ ಬಂದ ಕಿರಾತ ಮುಖ್ಯಸ್ಥ; ಇಂಥವರಿಗೆಲ್ಲ ಅವರು ಕಳೆದುಕೊಂಡದ್ದನ್ನು ಕೊಟ್ಟು ಪುಣಿಸ ಪೊರೆದನಂತೆ. ನಾನೂ ಆ ಭಾಷಣದಲ್ಲಿ ಇದನ್ನು ಬಿಟ್ಟಿದ್ದೆ. ದಾನಿಗಳ ಬಗ್ಗೆ ಎಲ್ಲ ಶಾಸನದಲ್ಲೂ ಇರೋ ಮಾತು ಅಂತ ದಾಟಿಸಿಬಿಟ್ಟಿದ್ದೆ.

ಆದರೆ ಸಾಮಾನ್ಯವಾಗಿ ಶಾಸನಗಳು ಹೊಗಳುವಾಗ ಕಲ್ಪವೃಕ್ಷ, ಕಾಮಧೇನು, ಚಿಂತಾಮಣಿ ಅಂತ ಹೋಗುತ್ತವೆ. ಇಲ್ಲಿ ಬಂದಿರೋದು ಬಿತ್ತನೆಯ ಬೀಜ. ಬೀಜ ಯಾವಾಗ ಇಲ್ಲವಾಗುತ್ತೆ? ಮಳೆ ಕೈಕೊಟ್ಟಾಗ, ಇಲ್ಲವೇ ದಂಡು ಊರ ಮೇಲೆ ಹಾದು ಕಣಜ ಖಾಲಿಯಾದಾಗ. ವರ್ತಕನ ವ್ಯಾಪಾರ ಯಾವಾಗ ಮುರಿಯುತ್ತೆ? ಘಾಟಿಯ ದಾರಿಗಳು ಮುಚ್ಚಿದಾಗ. ಕಿರಾತ ಮುಖ್ಯಸ್ಥ ಅಧಿಕಾರ ಕಳೆದುಕೊಂಡದ್ದು ಯಾರಿಂದ? ಇದಕ್ಕೆ ಹೆಚ್ಚು ದೂರ ಹುಡುಕಬೇಕಾಗಿಲ್ಲ. ಈ ಮೂರನ್ನೂ ಜೊತೆಗಿಟ್ಟು ಓದಿದರೆ, ಗೆದ್ದವನು ಬಾಯಿಬಿಟ್ಟು ಹೇಳದ ಯುದ್ಧದ ಖರ್ಚಿನ ಪಟ್ಟಿ ಕಾಣುತ್ತೆ. ನಾಲ್ಕು ಕ್ರಿಯಾಪದ ವಿಗ್ರಹದ ಭಾಗವಾದರೆ, ಇದು ಸಂಧಿಯ ಭಾಗ. ಬೆಟ್ಟದ ಬುಡದ ಮುಖ್ಯಸ್ಥರನ್ನು ಮೊದಲು ಇಳಿಸಿ, ಆಮೇಲೆ ಸೇವೆಗೆ ತೆಗೆದುಕೊಂಡು, ಕಳೆದದ್ದನ್ನು ಮರಳಿ ಕೊಡೋದು: ಕಾವಲಿಗೆ ದಂಡು ಬಿಡಲಾಗದ ನಾಡನ್ನು ಹಿಡಿದಿಟ್ಟುಕೊಳ್ಳುವ ರೀತಿ ಇದು.

ಇದನ್ನು ಕರುಣೆ ಅನ್ನಬೇಕಾ, ಲೆಕ್ಕಾಚಾರ ಅನ್ನಬೇಕಾ ಅಂತ ಮಾರ್ಗದರ್ಶಕರು ನನ್ನನ್ನು ಕೇಳಿದ್ರು. ಎರಡೂ ಇರಬಹುದು. ಬೀಜ ಸಿಕ್ಕಿದ ಒಕ್ಕಲಿಗನಿಗೆ ಎರಡರಲ್ಲಿ ಯಾವುದಾದರೂ ಆ ವರ್ಷದ ಬೆಳೆ ಬಂದಿರುತ್ತೆ. ಒಟ್ಟಿನಲ್ಲಿ ನನ್ನ ಇವತ್ತಿನ ಮಾತು ಇಷ್ಟೇ: ಪುಣಿಸನ ವೃತ್ತಿಜೀವನವನ್ನು ಬೆಟ್ಟದ ತುದಿಯಿಂದ ಅಳೆದರೆ ಅರ್ಧ ಮನುಷ್ಯ ಸಿಗ್ತಾನೆ. ಬೀಜದಿಂದ ಓದಲು ಶುರು ಮಾಡಿದರೆ ಅವನೂ ಪೂರ್ತಿ ಕಾಣ್ತಾನೆ, ಅವನ ದಂಡಿನ ದಾರಿಯಲ್ಲಿದ್ದವರೂ ಕಾಣ್ತಾರೆ.

ಇನ್ನೂರು ವರ್ಷ ಆದಮೇಲೆ

ಗೆದ್ದ ಬೆಟ್ಟ ಕೈಯಲ್ಲಿ ಉಳಿಯಿತಾ? ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ, ಮುಮ್ಮಡಿ ಬಲ್ಲಾಳನ ಕಾಲದಲ್ಲಿ, ತೆರಕಣಾಂಬಿಯ ಮಾಧವ ದಂಡನಾಯಕ ನೀಲಗಿರಿಯನ್ನು ಅಡಗಿಸಿದವನು ಅನ್ನುವ ಅರ್ಥದ ಬಿರುದನ್ನು ಹೊತ್ತಿದ್ದ. 1117ರಲ್ಲೇ ನೀಲಗಿರಿ ಹೊಯ್ಸಳರ ನಾಡಾಗಿದ್ದರೆ, ಇನ್ನೂರು ವರ್ಷದ ಮೇಲೆ ಅದನ್ನು ಮತ್ತೆ ಅಡಗಿಸಿದೆ ಅಂತ ಹೆಮ್ಮೆ ಪಡುವ ಅಗತ್ಯ ಬರ್ತಿರಲಿಲ್ಲ. ಮೋಯಾರ್, ಭವಾನಿ ಸೇರುವ ಕಡೆ ಇದ್ದ ದಣಾಯಕನಕೋಟೆಯ ಹೆಸರಿನಲ್ಲಿ ಈ ಹುದ್ದೆ ಇನ್ನೂ ಉಳಿದಿದೆ. ಕೋಟೆ ಮಾತ್ರ 1950ರ ದಶಕದಲ್ಲಿ ಭವಾನಿಸಾಗರ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ನೀರು ತೀರಾ ಇಳಿದ ವರ್ಷ ಅಲ್ಲಿನ ದೇವಸ್ಥಾನ ಮೇಲೆ ಕಾಣುತ್ತೆ, ಜನ ನೋಡೋಕೆ ಹೋಗ್ತಾರೆ.

ಕನ್ನಡ ಈ ಬೆಟ್ಟಕ್ಕೆ ಬಂದದ್ದೂ ದಂಡನಾಯಕರ ಬೆನ್ನ ಹಿಂದೆ ಅಲ್ಲ. ಮೈಸೂರು ಬಯಲಿನಿಂದ, ಅಂದರೆ ಬಡಗಲಿಂದ, ಬಂದು ಬಡಗರು ಅನ್ನಿಸಿಕೊಂಡ ಬೇಸಾಯಗಾರರು ಕನ್ನಡಕ್ಕೆ ಹತ್ತಿರದ ಭಾಷೆಯನ್ನು ಮೇಲೆ ತಂದರು. ಹೆಚ್ಚಿನ ವಿದ್ವಾಂಸರು ಇದನ್ನು ವಿಜಯನಗರದ ಪತನದ ನಂತರದ ಕಾಲಕ್ಕೆ ಹಾಕುತ್ತಾರೆ. ಬಡಗರ ಧಾನ್ಯ, ತೋಡರ ತುಪ್ಪ, ಕೋತರ ಮಡಕೆ ಮತ್ತು ಕಬ್ಬಿಣದ ಸಾಮಾನು, ಕುರುಂಬರ ಕಾಡಿನ ಸರಕು ಮನೆಯಿಂದ ಮನೆಗೆ ಕೈ ಬದಲಾಗುತ್ತಾ ಬಂದವು. ಆ ಏರ್ಪಾಡನ್ನು ಯಾವ ಸಂಧಿವಿಗ್ರಹಿಯೂ ಬರೆದುಕೊಡಲಿಲ್ಲ, ಅದು ಪುಣಿಸನ ಗೆಲುವಿಗಿಂತ ಎಷ್ಟೋ ಹೆಚ್ಚು ಕಾಲ ಬಾಳಿತು.

ಚರ್ಚೆಯಲ್ಲಿ ಬಂದ ಎರಡು ಪ್ರಶ್ನೆ

ಒಬ್ಬ ಸಹಪಾಠಿ, ‘ನಿಕಿಯಾಸನ ಜೊತೆ ಹೋಲಿಸೋದು ಸರೀನಾ? ಅವನಿಗೂ ಇವನಿಗೂ ಸಾವಿರದ ಐನೂರು ವರ್ಷದ ಅಂತರ’ ಅಂದ್ರು. ನಾನು ಹೋಲಿಸ್ತಿರೋದು ಮನುಷ್ಯರನ್ನಲ್ಲ, ದಾಖಲೆಗಳನ್ನು. ನಿಕಿಯಾಸನ ಸೋಲು ನಮಗೆ ಗೊತ್ತಿರೋದು ಥುಸಿಡಿಡಿಸ್ ಬರೆದದ್ದರಿಂದ. ಆತನೂ ಸೇನಾಪತಿಯಾಗಿದ್ದು, ಸೋತು, ದೇಶಭ್ರಷ್ಟನಾದವನು. ಅಥೆನ್ಸಿನವರು ಮೆಲೋಸ್ ದ್ವೀಪದ ಮೇಲೆ ಏರಿ ಹೋದಾಗ ದ್ವೀಪದವರು ಏನು ವಾದಿಸಿದರು ಅಂತ ಅವನು ಸಂಭಾಷಣೆಯಾಗಿ ಬರೆದ. ಮಾತುಗಳು ಅವನ ರಚನೆಯೇ ಇರಬಹುದು, ಆದರೂ ಸಣ್ಣವರ ಬಾಯಿಗೆ ಒಂದು ವಾದ ಸಿಕ್ಕಿತು. ಪುಣಿಸನಿಗೆ ಅಂಥ ಇತಿಹಾಸಕಾರ ಸಿಗಲಿಲ್ಲ. ಶಾಸನದಲ್ಲಿ ತೋಡರು ಬೆದರುತ್ತಾರೆ, ಮಾತಾಡೋದಿಲ್ಲ.

ಇನ್ನೊಬ್ಬರು, ‘ಹಾಗಾದ್ರೆ ತೋಡರ ಕಡೆಯ ದಾಖಲೆ ಇಲ್ಲ ಅಂತ ತಾನೆ?’ ಅಂತ ಕೇಳಿದ್ರು. ಕಲ್ಲಿನಲ್ಲಿ ಇಲ್ಲ ಅಂತಷ್ಟೇ ಹೇಳಬಹುದು. 1930ರ ದಶಕದಲ್ಲಿ ಎಮೆನೋ ಅವರು ಬರೆದುಕೊಂಡ ತೋಡ ಹಾಡುಗಳು 1971ರಲ್ಲಿ ದೊಡ್ಡ ಪುಸ್ತಕವಾಗಿ ಬಂದವು. ಎಮ್ಮೆಗಳ ಹೆಸರು, ಮಂದುಗಳ ಹೆಸರು, ಸತ್ತವರ ನೆನಪು ಅಲ್ಲಿವೆ. ಅವರು ನೆನಪಿಡಬೇಕು ಅಂದುಕೊಂಡದ್ದು ಅದನ್ನು. ನಮ್ಮ ದಂಡನಾಯಕ ಅವರ ಹಾಡಿಗೆ ಬೇಕಾಗಿರಲೇಬೇಕು ಅಂತ ನಾವು ಹಟ ಹಿಡಿಯೋಕಾಗಲ್ಲ.

ಈ ಬರಹದ ಕರಡನ್ನು ಆ ಹಳೆಯ ಸಹಪಾಠಿಗೆ ಕಳಿಸಿದ್ದೆ. ಅವಳು ಈಗ ಊಟಿಯಲ್ಲಿ ಕೆಲಸದಲ್ಲಿದ್ದಾಳೆ. ಫೋನ್ ಮಾಡಿ ಎರಡು ಕಡೆ ತಿದ್ದು ಹೇಳಿದಳು. ‘ಬೆದರಿದರು’ ಅನ್ನೋ ಪದವನ್ನು ತೆಗೆದುಬಿಡ್ಲಾ ಅಂತ ಕೇಳಿದೆ. ‘ತೆಗೀಬೇಡ, ಅವನು ಬರೆಸಿದ್ದು ಅದನ್ನೇ ಅಲ್ವಾ. ಯಾರು ಬರೆಸಿದ್ದು ಅಂತ ಪಕ್ಕದಲ್ಲಿ ಹಾಕು, ಸಾಕು’ ಅಂದಳು. ಹಾಗೇ ಹಾಕಿದ್ದೇನೆ.

ಮಳೆ ಇನ್ನೂ ಬಂದಿಲ್ಲ, ಪ್ರಶ್ನೆ ಇದ್ರೆ ಇನ್ನೂ ಕೇಳಬಹುದು.